ಮೊದಲ ಬಾಯಿ

ಚಂದ್ರಿಗೆ ಐದು ವರ್ಷವಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಜ್ವರಕ್ಕೆ ಅಮೃತಬಳ್ಳಿಯ ಕಷಾಯ ಕಾಸಿ, ಸಿಹಿ ಇದೆ ಕುಡಿ ಎಂದು ಬಾಯಿಗಿಟ್ಟಿದ್ದೆ. ಒಂದು ಗುಟುಕು ನುಂಗಿದವಳು ಅಳಲಿಲ್ಲ, ಉಗಿಯಲಿಲ್ಲ. ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಕಹಿ ಅಂತ ಹೇಳಿದ್ರೂ ಕುಡೀತಿದ್ದೆ" ಎಂದಳು. ಆ ನೋಟ ತಡೆಯಲಾಗಲಿಲ್ಲ. ಅವಳ ಸುಡುವ ಅಂಗೈ ಮೇಲೆ ನನ್ನ ಕೈಯಿಟ್ಟು, ಇನ್ನು ಮೇಲೆ ನಿನಗೆ ಸುಳ್ಳು ಹೇಳುವುದಿಲ್ಲ, ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದೆ. "ಯಾವಾಗ್ಲೂ?" ಎಂದಳು. "ಯಾವಾಗ್ಲೂ" ಎಂದೆ. ಆಮೇಲೆ ಉಳಿದ ಕಷಾಯವನ್ನು ಕಣ್ಣು ಮುಚ್ಚಿಕೊಂಡು ಕುಡಿದಳು.

ನಮ್ಮ ಊರಿನಲ್ಲಿ ಪತ್ರಿಕೆ ಬೆಳಗ್ಗೆ ಬಿಳಿಯಾಗಿ ಬರುತ್ತದೆ. ಅದನ್ನು ಕತ್ತರಿಸಿ, ಮಡಚಿ, ಬೀದಿವಾರು ಕಟ್ಟು ಕಟ್ಟುವ ಜಾಗಕ್ಕೆ ಹಾಳೆಮನೆ ಎನ್ನುತ್ತಾರೆ. ನನಗೆ ಅಲ್ಲಿ ಬೆಳಗಿನ ಪಾಳಿ. ಮಧ್ಯಾಹ್ನದ ಮೇಲೆ ಕಾಲೇಜು ಹಾಸ್ಟೆಲ್ಲಿನ ಅಡುಗೆಮನೆ. ಬಿಳಿ ಹಾಳೆ ಮನೆಮನೆಯ ಜಗಲಿಗೆ ಬಿದ್ದ ಮೇಲೆ, ಬೀದಿಯಲ್ಲಿ ಮಾತು ಶುರುವಾಗುತ್ತಿದ್ದ ಹಾಗೆ ಅಕ್ಷರ ಮೂಡತೊಡಗುತ್ತವೆ. ಎಲ್ಲಕ್ಕಿಂತ ಮೇಲೆ, ಹಾಲಿಗೆ ಕೆನೆ ಕಟ್ಟುವಷ್ಟು ನಿಧಾನವಾಗಿ ಮೂಡುವುದು ಆ ಮನೆಯವರೇ ಆಡಿದ ಮಾತು, ಅವರು ಆಡಿದ ಹಾಗೆಯೇ. ಬಿಸಿಲು ಏರಿದಂತೆ ಅದರ ಕೆಳಗೆ ಅಕ್ಕಪಕ್ಕದ ಮಾತು, ಆಮೇಲೆ ಬೀದಿಯದು, ಆಚೆ ಬೀದಿಯದು; ಅವು ಮಾತ್ರ ಯಾರು ಆಡಿದ್ದೆಂದು ತಿಳಿಯದ ಹಾಗೆ, ಬಾಯಿಂದ ಬಾಯಿಗೆ ಬದಲಾಗಿ ಮೂಡುತ್ತವೆ. ದೀಪ ಹಚ್ಚುವ ಹೊತ್ತಿಗೆ ಹಾಳೆಯ ಬುಡದಲ್ಲಿ ಊರಿಗೆಲ್ಲ ಒಂದೇ ಸುದ್ದಿ, ದಪ್ಪ ಅಕ್ಷರದಲ್ಲಿ. ಅದು ಆ ದಿನ ಅತಿ ಹೆಚ್ಚು ಬಾಯಿಗಳು ಆಡಿದ್ದು. ಹೊಸ್ತಿಲ ಒಳಗೆ ಆಡಿದ್ದು ಮೂಡುವುದಿಲ್ಲ. ಹೊಸ್ತಿಲು ದಾಟಿ ಆಡಿದ್ದು ಮೂಡದೆ ಇರುವುದಿಲ್ಲ. ಮೂಡಿದ್ದು ಅಳಿಯುವುದೂ ಇಲ್ಲ.

ಹೀಗಾಗಿ ನಮ್ಮಲ್ಲಿ ಸಂಬಂಧದ ಮಾತುಕತೆಯನ್ನು ಬಾಗಿಲು ಹಾಕಿಕೊಂಡೇ ಆಡುತ್ತಾರೆ. ಯಾರಾದರೂ "ಒಳಗೆ ಬಾ" ಎಂದರೆ ಏನೋ ಕೆಟ್ಟ ಸುದ್ದಿಯೆಂದೇ ತಿಳಿಯುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಜಗಲಿಗಳಲ್ಲಿ ಕೂತು ಬಾಯಿಪಾಠ ಮಾಡುವುದರಿಂದ ಊರಿನ ಹಾಳೆಗಳ ತುಂಬ ಹದಿಮೂರರ ಮಗ್ಗಿ. ಮಂಜು ಬಿದ್ದ ದಿನ ಅಕ್ಷರ ತಡವಾಗಿ ಮೂಡುತ್ತವೆಂದು ಜನ ಸ್ವಲ್ಪ ಗಟ್ಟಿಯಾಗಿ ಮಾತನಾಡುತ್ತಾರೆ. ಕೊನೆಯ ಬೀದಿಯಲ್ಲಿ ಒಂಟಿಯಾಗಿದ್ದ ಮುದುಕರೊಬ್ಬರು ದಿನಾ ಮೆಟ್ಟಿಲ ಮೇಲೆ ನಿಂತು, ತಮ್ಮ ಹಸುವನ್ನು ಹೆಸರು ಹಿಡಿದು ಮೂರು ಸಲ ಕರೆಯುತ್ತಿದ್ದರು. ಹಸು ಸತ್ತು ಎಷ್ಟೋ ವರ್ಷವಾಗಿತ್ತು. ತಮ್ಮ ಹಾಳೆಯ ಮೇಲ್ತುದಿ ಬೆಳ್ಳಗೆ ಉಳಿಯಬಾರದು ಎಂದಷ್ಟೇ ಅವರಿಗೆ ಇದ್ದದ್ದು.

ಹದಿಮೂರು ವರ್ಷದ ಹಿಂದೆ ನಮ್ಮೂರಿನ ನೀರಿನ ಟ್ಯಾಂಕು ನೋಡಿಕೊಳ್ಳುತ್ತಿದ್ದವನು ಹೊನ್ನಪ್ಪ. ಬೆಳಗ್ಗೆ ಆರಕ್ಕೆ ವಾಲ್ವ್ ತಿರುಗಿಸಿ ಬೀದಿ ನಲ್ಲಿಗಳಿಗೆ ನೀರು ಬಿಡುವುದು, ಎಂಟಕ್ಕೆ ನಿಲ್ಲಿಸುವುದು, ತಿಂಗಳಿಗೊಮ್ಮೆ ಟ್ಯಾಂಕಿಗಿಳಿದು ತೊಳೆಯುವುದು ಅವನ ಕೆಲಸ. ಆಗ ಚಂದ್ರಿಯ ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು, ಅವಳಿಗೆ ಏಳು ವರ್ಷ. ಒಂದು ಸಂಜೆ ಎರಡೂ ಕಡೆಯ ಕೆಲಸ ಮುಗಿಸಿ ಬಂದವಳಿಗೆ ಒಲೆ ಹಚ್ಚುವ ತ್ರಾಣವಿರಲಿಲ್ಲ. ಬೆಳಗಿನ ಹುಳಿಯನ್ನು ಮೂಸಿ ನೋಡಿದೆ. ಅಂಚಿನಲ್ಲಿ ಸಣ್ಣಗೆ ನೊರೆ ಕಟ್ಟಿತ್ತು. ಏನೂ ಆಗಲಿಕ್ಕಿಲ್ಲ ಎಂದುಕೊಂಡು ಅನ್ನಕ್ಕೆ ಕಲಸಿ ಕೊಟ್ಟೆ. ಬೆಳಗಾಗುವಷ್ಟರಲ್ಲಿ ಮಗು ನಾಲ್ಕು ಸಲ ವಾಂತಿ ಮಾಡಿಕೊಂಡಿತ್ತು.

ಕೊಡ ಹಿಡಿದು ನಲ್ಲಿಗೆ ಹೋದಾಗ ತುಂಗಕ್ಕ ಇದ್ದಳು. ನಮ್ಮ ಎದುರು ಮನೆಯವಳು. ಬೀದಿಯ ಮಾತಿನಲ್ಲಿ ಅರ್ಧ ಪಾಲು ಅವಳದೇ.

"ಯಾಕೇ ಸುಭದ್ರಾ, ಮಗು ಹಂಗೆ ಕಕ್ತಾ ಇತ್ತು? ನಮ್ಮನೆಗೂ ಕೇಳಿಸ್ತು. ಏನು ತಿನ್ಸಿದ್ಯೇ ಅದಕ್ಕೆ?" ಎಂದಳು.

ಐದಾರು ಹೆಂಗಸರು ತಿರುಗಿ ನನ್ನ ಕಡೆ ನೋಡಿದರು. ಅವರ ನೋಟದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಹಳಸಿದ್ದು ಬಡಿಸಿದೆ ಎನ್ನುವ ಮಾತು ನನ್ನ ಹಾಳೆಯ ಮೇಲ್ತುದಿಯಲ್ಲಿ ಮೂಡುವುದು ಕಣ್ಣಿಗೆ ಕಟ್ಟಿತು. "ನಾನೇನೂ ತಿನ್ಸಿಲ್ಲ ಕಣಕ್ಕ. ನೀರಿಂದೇ ಇರ್ಬೇಕು. ಹೊನ್ನಪ್ಪ ಟ್ಯಾಂಕಿಗೆ ಏನು ಹಾಕಿದ್ದಾನೋ" ಎಂದೆ. ಕೊಡ ತುಂಬಿಸಿಕೊಂಡು ಬಂದೆ.

ಒಂಬತ್ತಕ್ಕೆಲ್ಲ ನಮ್ಮ ಬೀದಿಯ ಹಾಳೆಗಳಲ್ಲಿ 'ನೀರು ಕುಡಿಯಬೇಡಿ' ಎಂದು ಮೂಡಿತು. ಮಧ್ಯಾಹ್ನ ಆಚೆ ಬೀದಿಗಳಲ್ಲಿ 'ಹೊನ್ನಪ್ಪ ಟ್ಯಾಂಕಿಗೆ ಏನೋ ಹಾಕಿದ್ದಾನೆ' ಎಂದಾಯಿತು. ಸಂಜೆ ಎಲ್ಲರ ಮನೆಯ ಹಾಳೆಯ ಬುಡದಲ್ಲೂ ದಪ್ಪಗೆ 'ಹೊನ್ನಪ್ಪನಿಂದ ನೀರಿಗೆ ವಿಷ'. ಚಂದ್ರಿ ಅಷ್ಟರಲ್ಲಿ ಗಂಜಿ ಕುಡಿದು ಹುಷಾರಾಗಿ ಜಗಲಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು.

ಹೊನ್ನಪ್ಪನನ್ನು ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮರುದಿನ ಆರಕ್ಕೆ ಅವನು ನೀರು ಬಿಟ್ಟ. ನಲ್ಲಿಗಳ ಕೆಳಗೆ ಒಂದೂ ಕೊಡವಿರಲಿಲ್ಲ. ಎರಡು ಗಂಟೆ ಹೊತ್ತು ಊರಿನ ಎಲ್ಲ ಬೀದಿಗಳಲ್ಲಿ ನೀರು ಹರಿಯಿತು, ಬೆಳಗಿನ ಬಿಸಿಲು ಬಿದ್ದು ಬೀದಿಗಳು ಹೊಳೆದವು, ಜನ ಬಾಗಿಲಲ್ಲಿ ನಿಂತು ನೋಡಿದರು. ಹೀಗೆ ನಾಲ್ಕು ದಿನ. ಅವನ ಹೆಂಡತಿ ಪ್ರತಿ ನಲ್ಲಿಯ ಹತ್ತಿರ ಹೋಗಿ, ಎಲ್ಲರೂ ನೋಡುವ ಹಾಗೆ ಬೊಗಸೆಯಲ್ಲಿ ಹಿಡಿದು ಕುಡಿದಳು. ನಮ್ಮ ನಲ್ಲಿಯಲ್ಲೂ ಕುಡಿದಳು. ಐದನೆಯ ದಿನ ಅವರ ಮನೆಗೆ ಬೀಗ ಬಿದ್ದಿತ್ತು.

ಆ ದಿನದ ಹಾಳೆಯನ್ನು ಊರಿನಲ್ಲಿ ಯಾರೂ ರದ್ದಿಗೆ ಹಾಕಲಿಲ್ಲ. ದೊಡ್ಡ ಸುದ್ದಿಯ ಹಾಳೆ ಎಂದು ಟ್ರಂಕುಗಳ ತಳಕ್ಕೆ, ರೇಷ್ಮೆ ಸೀರೆಗಳ ನಡುವೆ ಸೇರಿಸಿದರು. ನಾನೂ ಇಟ್ಟುಕೊಂಡೆ, ಅಕ್ಕಿ ಡಬ್ಬಿಯ ಅಡಿಯಲ್ಲಿ. ಅದರ ಮೇಲ್ತುದಿಯಲ್ಲಿ ನನ್ನ ಮಾತು ನಾನು ಆಡಿದ ಹಾಗೆಯೇ ಇತ್ತು. ಸುಟ್ಟುಹಾಕಬೇಕೆಂದು ಎಷ್ಟೋ ಸಲ ತೆಗೆದಿದ್ದೇನೆ. ಕೈ ಬರಲಿಲ್ಲ. ಯಾಕೆಂದು ಇವತ್ತಿಗೂ ತಿಳಿಯದು.

ಚಂದ್ರಿ ಓದಿದಳು. ಕಾಲೇಜಿಗೆ ಡೇಟಾ ಸೈನ್ಸ್ ಎನ್ನುವುದು ಬಂದ ವರ್ಷವೇ ಸೇರಿದಳು. "ಅದೇನು ಮಗಾ ಅದು?" ಎಂದರೆ, "ತುಂಬಾ ಜನ ತುಂಬಾ ದಿನ ಮಾಡಿದ್ದನ್ನ ಒಂದೇ ಕಡೆ ಹರಡಿ ನೋಡೋದು ಅಮ್ಮ. ಒಬ್ಬೊಬ್ಬರನ್ನೇ ನೋಡಿದ್ರೆ ಕಾಣ್ಸಲ್ಲ, ಹರಡಿದ್ರೆ ಕಾಣ್ಸುತ್ತೆ" ಎಂದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಮತ್ತು ಅವಳ ಜೊತೆಯ ಹುಡುಗ ಅಶ್ಫಾಕ್ ಆರಿಸಿಕೊಂಡದ್ದು ಊರಿನ ಹಾಳೆಗಳನ್ನೇ. ಒಂದು ಸುದ್ದಿ ಯಾವ ಬಾಯಿಂದ ಹೊರಟು, ಯಾವ ಯಾವ ಬೀದಿ ಸುತ್ತಿ, ಎಲ್ಲಿ ಬಣ್ಣ ಬದಲಿಸಿತು ಎಂದು ಕಂಡುಹಿಡಿಯುವುದು. ಅವರ ವನಮಾಲಾ ಮೇಡಂ ಕೇಳಿದರಂತೆ, ಊರಿನ ಪ್ರತಿ ಮನೆಯಲ್ಲೂ ಉಳಿದಿರುವ ಹಾಳೆ ಯಾವ ದಿನದ್ದು ಎಂದು. ಅಂಥದ್ದು ಒಂದೇ ದಿನವಿತ್ತು.

ಇಬ್ಬರೂ ಸ್ಕೇಲು ಹಿಡಿದು ಮನೆಮನೆ ತಿರುಗಿದರು. ಮೇಲಿನ ಅಂಚಿನಿಂದ ಎಷ್ಟು ಮಿಲಿಮೀಟರ್ ಕೆಳಗೆ ಯಾವ ಮಾತು ಮೂಡಿದೆ ಎಂದು ಅಳೆದರೆ ಅದನ್ನು ಆಡಿದ ಹೊತ್ತು ಸಿಗುತ್ತದೆ ಎನ್ನುವುದು ಚಂದ್ರಿ ಕಂಡುಕೊಂಡದ್ದು. ಹಾಳೆಮನೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ. ನನಗೆ ಹೆಮ್ಮೆಯಾಯಿತು, ಭಯವೂ ಆಯಿತು, ಎರಡೂ ಒಟ್ಟಿಗೆ.

"ಆಂಟಿ, ನಿಮ್ಮ ಮಗಳು ನಮ್ಮಜ್ಜಿ ನಿಕಾಹ್ ಸೀರೆನೂ ಬಿಡ್ಲಿಲ್ಲ. ಅದಕ್ಕೆ ಸುತ್ತಿದ್ದ ಹಾಳೆ ಬಿಚ್ಚಿಸಿ ಅಳೆದೇ ಅಳೆದ್ಲು. ಅಜ್ಜಿ ಈಗ ನನ್ನ ಒಳಗೇ ಬಿಡ್ತಿಲ್ಲ" ಎಂದ ಅಶ್ಫಾಕ್, ನಮ್ಮ ಅಡುಗೆಮನೆಯಲ್ಲಿ ದೋಸೆ ಮುರಿಯುತ್ತಾ.

"ತಿನ್ನೋವಾಗ ಮಾತಾಡ್ಬೇಡ. ಅಮ್ಮ, ಈಗ ನಮ್ಮನೆ ಸರದಿ" ಎಂದು ಚಂದ್ರಿ ಫಾರ್ಮು ತೆಗೆದಳು. ದನಿ ಬದಲಿಸಿ, ಗಂಭೀರವಾಗಿ, "ನಿಮ್ಮ ಹೆಸರು?" ಎಂದಳು.

"ಗೊತ್ತಿಲ್ವೇನೇ?"

"ಅಮ್ಮ, ಎಲ್ಲರಿಗೂ ಒಂದೇ ಥರ ಕೇಳ್ಬೇಕು. ನಿಮ್ಮ ಹೆಸರು?"

"ಸುಭದ್ರಮ್ಮ."

"ಆ ದಿನದ ಹಾಳೆ ನಿಮ್ಮ ಮನೆಯಲ್ಲಿದೆಯೇ?"

ಅಕ್ಕಿ ಡಬ್ಬಿ ಅವಳ ಬೆನ್ನ ಹಿಂದೆಯೇ ಇತ್ತು. ದೋಸೆ ಮಗುಚುತ್ತಾ, "ಇಲ್ಲ ಮಗಾ. ಗೆದ್ದಲು ಹಿಡಿದಿತ್ತು, ಬಚ್ಚಲ ಒಲೆಗೆ ಹಾಕ್ದೆ" ಎಂದೆ.

ಅವಳು ತಲೆಯೆತ್ತಲಿಲ್ಲ. ಅನುಮಾನಪಡಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. 'ಲಭ್ಯವಿಲ್ಲ' ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು. ಆ ದಿನ ಏನಾದರೂ ಕೇಳಿದ್ದಿರಾ, ಯಾರಿಂದ, ಎಷ್ಟು ಹೊತ್ತಿಗೆ. ಗೊತ್ತಿಲ್ಲ, ನೆನಪಿಲ್ಲ, ಕೆಲಸದಲ್ಲಿದ್ದೆ ಎಂದೆ. ಹತ್ತು ಪ್ರಶ್ನೆ ಮುಗಿಯುವಷ್ಟರಲ್ಲಿ ಹೆಂಚಿನ ಮೇಲಿದ್ದ ದೋಸೆ ಕರಕಲಾಗಿತ್ತು.

ಅವರು ಹೊನ್ನಪ್ಪನನ್ನೂ ಹುಡುಕಿಕೊಂಡು ಹೋಗಿ ಬಂದರು. ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದ ಊರಿನಲ್ಲಿ ಅವನು ಚಾಪೆ ಹೆಣೆಯುತ್ತಿದ್ದನಂತೆ. ಅಲ್ಲಿ ಹಾಳೆಗಳು ಬೆಳಗ್ಗೆಯೇ ಅಚ್ಚಾಗಿ ಬರುತ್ತವಂತೆ, ಜನ ಅವನ್ನು ಸುಮ್ಮನೆ ಓದುತ್ತಾರಂತೆ.

"ಏನಂದ?" ಎಂದು ಕೇಳಿದೆ.

"ಟೀ ಕುಡಿಸಿದ್ರು. ಹೆಂಡತಿ ಹೋದ ವರ್ಷ ತೀರ್ಕೊಂಡ್ರಂತೆ" ಎಂದಳು ಚಂದ್ರಿ. "ಮೊದಲು ಹೇಳಿದ್ದು ಯಾರು ಅಂತ ಹುಡುಕ್ತಾ ಇದ್ದೀವಿ ಅಂದ್ವಿ. ಅದಕ್ಕವರು, 'ಸಿಕ್ಕಿದ್ರೆ ಏನ್ಮಾಡ್ತೀಯವ್ವ, ಅವರ ಮನೆ ನಲ್ಲಿಗೂ ಕೊಡ ಇಡೋದು ಬಿಡಿಸ್ತೀಯಾ?' ಅಂದ್ರು."

"ಮತ್ತೆ ಬಿಟ್ಟುಬಿಡಿ."

"ಬಿಟ್ರೆ ವಿಷ ಹಾಕ್ದೋನು ಅಂತಲೇ ಉಳೀತಾರಲ್ಲ ಅವರು. ಎಲ್ಲಿಂದ ಬಂತು ಅಂತ ತೋರಿಸಿದ್ರೆ ತಾನೇ ಜನ ನಂಬೋದು?"

ಎರಡು ವಾರದ ಮೇಲೆ ಉತ್ತರ ಬಂತು. ಊರಿನ ನಕ್ಷೆಯ ಮೇಲೆ ಸುದ್ದಿ ಹರಡಿದ ದಾರಿಯನ್ನು ಚಂದ್ರಿ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ನೀಲಿ ಚುಕ್ಕಿಗಳು ಒಂದೊಂದೇ ಹೊತ್ತಿಕೊಂಡು, ನೀರು ಹರಿದ ಹಾಗೆ ಬೀದಿಯಿಂದ ಬೀದಿಗೆ ಇಳಿದು ಊರೆಲ್ಲ ತುಂಬಿದವು. ನೋಡಲು ಚೆಂದವಿತ್ತು. ಕನಸಿನಲ್ಲಿ ನಮ್ಮ ಊರನ್ನೇ ಮೇಲಿನಿಂದ ನೋಡಿದಂತೆ. ಅವಳು ಅದನ್ನು ಹಿಂದಕ್ಕೆ ಓಡಿಸಿದಳು. ಚುಕ್ಕಿಗಳು ಒಂದೊಂದಾಗಿ ಆರಿ, ಕೊನೆಗೆ ನಮ್ಮ ನಲ್ಲಿಯ ಸುತ್ತಲಿನ ಹನ್ನೊಂದು ಮನೆಗಳು ಉಳಿದವು. ಆಮೇಲೆ ಒಂದೇ ಒಂದು. ತುಂಗಕ್ಕನ ಮನೆ.

"ನೂರಕ್ಕೆ ಎಂಬತ್ತೊಂದು ಅವರೇ" ಎಂದಳು. "ಹನ್ನೊಂದರಲ್ಲಿ ಹತ್ತು ಹಾಳೆ ಸಿಕ್ಕಿವೆ. ಅದರಲ್ಲಿ ಎಲ್ಲಕ್ಕಿಂತ ಮೇಲೆ ಮೂಡಿರೋದು ಅವರದ್ದು, 'ನೀರು ಕುಡಿಯಬೇಡಿ' ಅಂತ."

"ಹನ್ನೊಂದನೇದು?"

"ನಮ್ಮದು. ಹಾಳೆ ಇಲ್ಲದ ಮನೆಗೆ, ಬೇರೆ ದಿನಗಳಲ್ಲಿ ಅವರು ಎಷ್ಟು ಮಾತಾಡ್ತಾರೆ ಅಂತ ನೋಡಿ ಅಂದಾಜು ಹಾಕ್ತೀವಿ. ನೀನೆಲ್ಲಿ ಮಾತಾಡ್ತೀಯ ಅಮ್ಮ? ನಮ್ಮ ಲೆಕ್ಕದ ಮಾಡೆಲ್ ನಿನಗೆ ನೂರಕ್ಕೆ ಎರಡೂ ಕೊಟ್ಟಿಲ್ಲ" ಎಂದು ನಕ್ಕಳು. ನಕ್ಕು, ನನ್ನ ಹೆಗಲಿಗೆ ತಲೆಯಾನಿಸಿದಳು.

ಆಗ ಹೇಳಬಹುದಿತ್ತು. ಒಳಗಿದ್ದೆವು, ಬಾಗಿಲು ಹಾಕಿತ್ತು, ಎಲ್ಲೂ ಮೂಡುತ್ತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ನೂರಿಪ್ಪತ್ತು ಜನಕ್ಕೆ ಚಪಾತಿ ಲಟ್ಟಿಸುವುದಿದೆ ಎಂದು ಎದ್ದು ಹೋದೆ.

ಶನಿವಾರ ಪುರಭವನದಲ್ಲಿ ಊರಿನವರೆದುರು ಹೇಳುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ತುಂಗಕ್ಕನಿಗೆ ತಿಳಿಸಿ, ಅವಳು ಒಪ್ಪಿದರೆ ಮಾತ್ರ ಹೆಸರು ಹೇಳುವುದು, ಒಪ್ಪದಿದ್ದರೆ ಬೀದಿಯ ಹೆಸರಷ್ಟೇ ಎಂದು ಮೇಡಂ ಹೇಳಿದ್ದರು. ಅದರ ಹಿಂದಿನ ಭಾನುವಾರ ಚಂದ್ರಿ ತುಂಗಕ್ಕನನ್ನು ಕರೆದಳು. "ಒಳಗೆ ಬನ್ನಿ ಅತ್ತೆ" ಎಂದಾಗಲೇ ತುಂಗಕ್ಕನ ಮುಖ ಸಣ್ಣಗಾಗಿತ್ತು.

"ಯಾರು ಸತ್ರು?" ಎಂದಳು ಒಳಗೆ ಬಂದವಳೇ.

"ಯಾರೂ ಇಲ್ಲ ಅತ್ತೆ, ಕೂತ್ಕೊಳ್ಳಿ." ಚಂದ್ರಿ ಮೆಲ್ಲಗೆ, ಒಂದೊಂದೇ ಮಾತು ಜೋಡಿಸಿ ಹೇಳಿದಳು. ಖಂಡಿತ ಎಂದಲ್ಲ, ಸಾಧ್ಯತೆ ಎಂದಳು. ಅಂದಾಜು ತಪ್ಪೂ ಇರಬಹುದು ಎಂದಳು. ನಾನು ಬಾಗಿಲ ಪಕ್ಕದಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದೆ.

ತುಂಗಕ್ಕ ಮೊದಲು ನಕ್ಕಳು. "ಅಯ್ಯೋ ನಿನ್ನ, ನನ್ನ ಬಾಯಿ ಅಳೆಯಕ್ಕೆ ಕಂಪ್ಯೂಟರು ಬೇರೆ ಬೇಕಾಯ್ತಾ? ನಮ್ಮತ್ತೆನ ಕೇಳಿದ್ರೆ ನೂರಕ್ಕೆ ನೂರು ಅನ್ನೋರು." ಆಮೇಲೆ ನಗು ನಿಂತಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ನಾನು ಹೇಳ್ದೆ ಅಂತೀಯಾ?"

"ನಿಮಗೆ ನೆನಪಿದ್ಯಾ ಅತ್ತೆ?"

"ದಿನಾ ಸಾವಿರ ಆಡ್ತೀನಿ, ಯಾವುದು ಅಂತ ನೆನಪಿಡ್ಲಿ? ಯಾರೋ ಏನೋ ಅಂದಂಗಿತ್ತು ನಲ್ಲಿ ಹತ್ರ..." ಎಂದು ನನ್ನ ಕಡೆ ನೋಡಿದಳು. ನೆನಪಿನಿಂದ ನೋಡಿದ್ದಲ್ಲ. ಅವಳಿಗೆ ಯಾರನ್ನಾದರೂ ನೋಡಬೇಕಿತ್ತು. ನಾನು ಬೀನ್ಸು ನೋಡಿದೆ. "ನಾನೇ ಇರ್ಬೇಕು ಬಿಡು. ಇನ್ಯಾರು ಈ ಬೀದೀಲಿ ಅಷ್ಟು ಮಾತಾಡೋರು? ಹೆಸರು ಹೇಳ್ಕೋ ಹೋಗು, ಮುಚ್ಚಿಟ್ಟು ಏನಾಗ್ಬೇಕು. ಆ ಹೆಂಗಸು ನನ್ನ ಎದುರಿಗೇ ನಿಂತು ನೀರು ಕುಡಿದ್ಲಲ್ಲೇ. ಪಾಪಿ ನಾನು, ಬಾಗಿಲಲ್ಲಿ ನಿಂತು ನೋಡ್ದೆ."

ಅವಳು ಎದ್ದು ಹೋದ ಮೇಲೆ ಚಂದ್ರಿ ಬಾಗಿಲು ಹಾಕಿ ಬಂದಳು. "ಒಪ್ಪಿಕೊಂಡ್ರು" ಎಂದಳು. ಸಂತೋಷವಿರಲಿಲ್ಲ.

ಸೋಮವಾರ ಎದುರು ಮನೆಯ ಹಾಳೆಯ ಮೇಲ್ತುದಿಯಲ್ಲಿ ಏನೂ ಮೂಡಲಿಲ್ಲ. ಮಂಗಳವಾರವೂ ಇಲ್ಲ. ಬೆಳಗ್ಗೆ ತುಂಗಕ್ಕ ಬಂದು, ಕೊಡ ತುಂಬಿಸಿಕೊಂಡು, ತುಟಿ ಬಿಗಿದುಕೊಂಡೇ ಹೋದಳು. ಅವಳ ದನಿಯಿಲ್ಲದ ಬೀದಿ ನಿದ್ದೆಯಲ್ಲಿ ನಡೆಯುವ ಬೀದಿಯಂತೆ ಕಂಡಿತು. ತರಕಾರಿಯವಳು ಕೂಗುವುದನ್ನು ಅರ್ಧಕ್ಕೇ ನಿಲ್ಲಿಸಿ ಸುತ್ತ ನೋಡಿದಳು. ಬುಧವಾರ ಚಂದ್ರಿಗೆ ಊಟಕ್ಕೆ ಬಡಿಸುವಾಗ ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ "ಇನ್ನೊಂಚೂರು ಅನ್ನ?" ಎಂದೇ ಬಂತು. ಕೊನೆಗೆ ಅವಳು, "ಸಾಕಮ್ಮ, ನನ್ನ ಹೊಟ್ಟೆ ಅಂದ್ಕೊಂಡಿದ್ಯೋ ಟ್ಯಾಂಕು ಅಂದ್ಕೊಂಡಿದ್ಯೋ" ಎಂದು ಬೈದಳು.

ಗುರುವಾರ ಹಾಳೆಮನೆಗೆ ರಜೆ ಹೇಳಿ, ಕೊಡ ಹಿಡಿದು ನಲ್ಲಿಗೆ ಹೋದೆ. ಚಂದ್ರಿ ಬೆಳಗ್ಗೆಯೇ ಕಾಲೇಜಿಗೆ ಹೋಗಿದ್ದಳು. ಏಳೆಂಟು ಹೆಂಗಸರಿದ್ದರು, ತುಂಗಕ್ಕನೂ ಇದ್ದಳು. ನನ್ನ ಸರದಿ ಬಂದಾಗ ಕೊಡ ಇಡಲಿಲ್ಲ.

"ಹೊನ್ನಪ್ಪನ ಮಾತು ಮೊದಲು ಆಡಿದ್ದು ತುಂಗಕ್ಕ ಅಲ್ಲ, ನಾನು" ಎಂದೆ. "ನನ್ನ ಮಗೂಗೆ ನಾನೇ ಹಳಸಿದ ಹುಳಿಯನ್ನ ಹಾಕಿದ್ದೆ. ನಾಚಿಕೆ ಆಯ್ತು. ಅದಕ್ಕೆ ನೀರಿನ ಮೇಲೆ ಹಾಕ್ದೆ. ಹೊನ್ನಪ್ಪ ಏನೂ ಮಾಡಿಲ್ಲ."

ಕೆಳಗೆ ಕೊಡವಿಲ್ಲದೆ ನೀರು ನೆಲಕ್ಕೆ ಬೀಳುತ್ತಿತ್ತು. ಯಾರೋ ಒಬ್ಬರು ನಲ್ಲಿ ನಿಲ್ಲಿಸಿದರು.

ತುಂಗಕ್ಕ ಹತ್ತಿರ ಬಂದಳು. "ನಾಲ್ಕು ದಿನ ಆಯ್ತು ಕಣೇ ನನಗೆ ಅನ್ನ ಸೇರದೆ" ಎಂದಳು. ದನಿ ಏರಿಸಲಿಲ್ಲ, ಅವಳು ಹಾಗೆ ಮಾತನಾಡಿದ್ದು ನಾನು ಕೇಳಿರಲೇ ಇಲ್ಲ. "ಭಾನುವಾರ ನೀನು ಅಲ್ಲೇ ಕೂತಿದ್ದೆ. ಬೀನ್ಸು ಬಿಡಿಸ್ತಾ ಕೂತಿದ್ದೆ." ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟವಳು ಮತ್ತೆ ತಿರುಗಿ, "ಆ ಹುಡುಗಿಗಾದ್ರೂ ಹೇಳಿದ್ಯೇನೇ?" ಎಂದಳು.

ಖಾಲಿ ಕೊಡ ಎತ್ತಿಕೊಂಡು ಮನೆಗೆ ಬಂದೆ. ಊರಿಗೆಲ್ಲ ಹೇಳುವುದು ಒಬ್ಬಳಿಗೆ ಹೇಳುವುದಕ್ಕಿಂತ ಸುಲಭವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರು ಆಚೆ ಬೀದಿಗಳಲ್ಲಿ ಮೂಡಿತ್ತು. ಹಾಸ್ಟೆಲ್ಲಿನಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ಜೊತೆಯವರು ಮಾತು ನಿಲ್ಲಿಸಿ, ಹಿಟ್ಟಿನ ಉಂಡೆಗಳನ್ನು ನನ್ನ ಕಡೆ ತಳ್ಳಿದರು. ಸಂಜೆ ಮನೆಗೆ ಬಂದರೆ ಚಂದ್ರಿ ಅಡುಗೆಮನೆಯಲ್ಲಿ ಕೂತಿದ್ದಳು. ಕಾಲೇಜಿನ ಜಗಲಿಗೆ ಬಿದ್ದಿದ್ದ ಹಾಳೆಯಲ್ಲಿ ಓದಿದಳಂತೆ, ಅಶ್ಫಾಕ್ ಮತ್ತು ಮೇಡಂ ಪಕ್ಕದಲ್ಲೇ ನಿಂತಿದ್ದಾಗ. ನಾನು ಅಕ್ಕಿ ಡಬ್ಬಿ ಸರಿಸಿ, ಅಡಿಯಲ್ಲಿದ್ದುದನ್ನು ತೆಗೆದು ಕೊಟ್ಟೆ. ಅವಳು ಸ್ಕೇಲು ಇಟ್ಟು ಅಳೆದಳು. ಮತ್ತೊಮ್ಮೆ ಅಳೆದಳು.

"ಒಂಬತ್ತು ಮಿಲಿಮೀಟರ್" ಎಂದಳು. "ತುಂಗತ್ತೆದು ಹದಿನಾಲ್ಕು."

ಆಮೇಲೆ ಹೊಸ ಫಾರ್ಮು ತೆಗೆದಳು. ನನ್ನ ಮುಖ ನೋಡಲಿಲ್ಲ.

"ನಿಮ್ಮ ಹೆಸರು?"

"ಸುಭದ್ರಮ್ಮ."

"ಆ ದಿನದ ಹಾಳೆ ನಿಮ್ಮ ಮನೆಯಲ್ಲಿದೆಯೇ?"

"ಇದೆ."

ಒಂದೊಂದಕ್ಕೂ ಉತ್ತರ ಕೊಟ್ಟೆ. ಯಾರಿಗೆ ಹೇಳಿದಿರಿ, ಎಷ್ಟು ಹೊತ್ತಿಗೆ, ಏನೆಂದು. ನಿಮಗೆ ಅದು ನಿಜವೆಂದು ಅನಿಸಿತ್ತೇ. ಅನಿಸಿರಲಿಲ್ಲ ಎಂದೆ. ಬರೆದುಕೊಂಡಳು. ಹತ್ತು ಮುಗಿದ ಮೇಲೂ ಪೆನ್ನು ಕೆಳಗಿಡಲಿಲ್ಲ. ಹನ್ನೊಂದನೆಯದು ಫಾರ್ಮಿನಲ್ಲಿ ಅಚ್ಚಾಗಿರಲಿಲ್ಲ.

"ಹೊನ್ನಪ್ಪನವರಿಗೆ ನೀವೇ ಬಂದು ಹೇಳ್ತೀರಾ?"

"ಬರ್ತೀನಿ."

"ಭಾನುವಾರ ಬೆಳಗ್ಗೆ ಮೊದಲನೇ ಬಸ್ಸು" ಎಂದು ಅದನ್ನೂ ಬರೆದುಕೊಂಡಳು.

ಶನಿವಾರ ಪುರಭವನದಲ್ಲಿ ಅವಳು ಚೆನ್ನಾಗಿ ಮಾತನಾಡಿದಳು. ಒಂದು ಹಾಳೆ ಇಲ್ಲದಿದ್ದಾಗ ತಮ್ಮ ಲೆಕ್ಕ ಹೇಗೆ ಒಬ್ಬ ನಿರಪರಾಧಿಯ ಬಾಗಿಲಿಗೆ ಹೋಗಿ ನಿಂತಿತು, ಹೆಚ್ಚು ಮಾತನಾಡುವವರನ್ನೇ ಅದು ಯಾಕೆ ಹಿಡಿಯಿತು ಎಂದು ನಕ್ಷೆ ಹಾಕಿ ತೋರಿಸಿದಳು. ತುಂಗಕ್ಕ ಮುಂದಿನ ಸಾಲಿನಲ್ಲಿದ್ದಳು. ನಾನು ಹಿಂದೆ ನಿಂತಿದ್ದೆ. ಸಂಜೆ ಹಾಳೆಯ ಬುಡದಲ್ಲಿ 'ಹೊನ್ನಪ್ಪ ತಪ್ಪು ಮಾಡಿರಲಿಲ್ಲ' ಎಂದು ಮೂಡಿತು, ದಪ್ಪ ಅಕ್ಷರದಲ್ಲಿ, ಎಲ್ಲರ ಮನೆಯಲ್ಲೂ. ಚಂದ್ರಿ ನನ್ನ ಜೊತೆ ಮಾತನಾಡುತ್ತಾಳೆ. ಊಟ ಆಯ್ತಾ ಎನ್ನುತ್ತಾಳೆ, ಕಾಲು ನೋಯ್ತಿದ್ಯಾ ಎನ್ನುತ್ತಾಳೆ. ನಾನು ಹೇಳಿದ್ದನ್ನು ಒಂದು ಕ್ಷಣ ತಡೆದು, ಆಮೇಲೆ ತಲೆಯಾಡಿಸುತ್ತಾಳೆ.

ಚಂದ್ರಿಗೆ ಸುಳ್ಳು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಹೇಳಿದೆ. ಅದು ಸುಳ್ಳೆಂದು ಅವಳಿಗೆ ತಿಳಿದದ್ದು ನನ್ನ ಬಾಯಿಂದಲ್ಲ. ಕೊಟ್ಟ ಮಾತು ಮುರಿಯಿತು.